ಎರಡು ಕದದ ಬಸವಣ್ಣ

"ಬಸವಣ್ಣನ್ನ ಸೀಳ್ಬುಟ್ಟಲ್ಲೋ ಪಾಪಿ! ನಟ್ಟನಡುವಿಗ ಸೀಳ್ಬುಟ್ಟೆ ಕಣ್ಲಾ!"

"ಯಾರ್ನ? ಏನ ಏಳ್ತಾ ಇದ್ದರಿ? ಮೊದ್ಲು ಆ ಗಾಡಿ ಆಫ್ ಮಾಡಿ, ಒಗೆಯೆಲ್ಲ ನನ್ ಮಕಕ ಬತ್ತಾ ಅದ."

"ಗಾಡಿ ಆಫ್ ಮಾಡ್ಬೇಕಾ? ನಿನ್ ಅಂಗ್ಡೀನೇ ಆಫ್ ಮಾಡುಸ್ತೀನಿ, ನೋಡ್ತಾ ಇರು!"

ಭೀಮನಬೀಡಿನ ದೊಡ್ಡಮಲ್ಲಪ್ಪ ಯಾರದೋ ಮೊಪೆಡ್ ತಂದು ಅದರ ಮೇಲಿಂದ ಇಳಿಯದೆ ಕೂಗುತ್ತಿದ್ದ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನವರೆಗೂ ಇಳಿದಿತ್ತು. ಗುಂಡ್ಲುಪೇಟೆಯಲ್ಲಿ ನನ್ನ ವೆಲ್ಡಿಂಗ್ ಅಂಗಡಿ ಇರುವುದು ಊಟಿ ರಸ್ತೆಗೆ. ಬೆಳಗಾದರೆ ಕೇರಳದ ಕಾರುಗಳು ಅಲ್ಲಿ ಟೀಗೆ ನಿಲ್ಲುತ್ತವೆ. ಅವರಿಗೆ ನಮ್ಮ ಮಾತು ಅರ್ಥವಾಗದಿದ್ದರೂ ಜಗಳ ಅರ್ಥವಾಗಿ, ಲೋಟ ಹಿಡಿದುಕೊಂಡು ಹತ್ತಿರಕ್ಕೆ ಬಂದು ನಿಂತರು.

ನಾನು ಬೈಸಿಕೊಳ್ಳುವ ಗಂಡಸಲ್ಲ. ವೆಲ್ಡಿಂಗ್ ಕನ್ನಡಕ ಹಣೆಗೆ ಏರಿಸಿ ಎದ್ದು ನಿಂತೆ.

"ಮಲ್ಲಪ್ನೋರೆ, ಏನಾಯ್ತು ಅಂತ ಬುಡಿಸಿ ಏಳಿ. ಇಲ್ದಿದ್ರ ನನ್ಗೂ ಬಾಯಿ ಅದ."

"ಗೇಟ್ ತಗದ್ರ ತಲೆ ಅತ್ತಗ, ಬಾಲ ಇತ್ತಗ! ಬೆನ್ ಮೇಲಿನ ಇಣಿಲಿಗ ಸರೀಗ ಎರಡು ತುಂಡು! ನಮ್ಮೋಳು ನೋಡ್ಬುಟ್ಟು ನಿಂತ್ ಜಾಗದಲ್ಲೇ ಕುಸುದೋದ್ಲು!"

ಆಗ ನನಗೆ ತಿಳಿಯಿತು. ತಿಳಿದ ಮೇಲೆ ಸಿಟ್ಟು ಇನ್ನೂ ಜಾಸ್ತಿಯಾಯಿತು.

ದೊಡ್ಡಮಲ್ಲಪ್ಪ ಹೊಸ ಮನೆ ಕಟ್ಟಿಸಿ, ಕಾಂಪೌಂಡು ಎತ್ತಿಸಿ, ಗೇಟು ಹಾಕಿಸದೆ ಬಿಟ್ಟಿದ್ದ. ಆ ಊರಿನ ಗುಡಿಗೆ ಬಿಟ್ಟ ಬಸವ ಒಂದಿದೆ. ಎಲ್ಲರೂ ಅದನ್ನು ಬಸಪ್ಪ ಅನ್ನುತ್ತಾರೆ. ಅದನ್ನು ಕಟ್ಟುವ ಹಾಗಿಲ್ಲ, ಹೊಡೆಯುವ ಹಾಗಿಲ್ಲ, ಯಾರ ಈರುಳ್ಳಿ ಹೊಲಕ್ಕೆ ನುಗ್ಗಿದರೂ ಹೊಲದವನೇ ಕೈಮುಗಿಯಬೇಕು. ಊರಿನಲ್ಲಿ ಏನಾದರೂ ವ್ಯಾಜ್ಯ ಬಂದು ಯಾರೂ ತೀರ್ಮಾನ ಮಾಡಲಾಗದಿದ್ದರೆ ಅದನ್ನೇ ಕರೆತಂದು ಕೇಳುತ್ತಾರೆ. ಬಲಗಾಲು ಎತ್ತಿದರೆ ಹೌದು, ಎಡಗಾಲು ಎತ್ತಿದರೆ ಅಲ್ಲ. ಇಷ್ಟು ದೊಡ್ಡ ಮರ್ಯಾದೆಯ ಬಸಪ್ಪ ಊರಿನ ಹಸಿರೆಲ್ಲ ಬಿಟ್ಟು, ದೊಡ್ಡಮಲ್ಲಪ್ಪನ ಹೆಂಡತಿ ಚಿಕ್ಕಮಲ್ಲಮ್ಮ ಮನೆ ಮುಂದೆ ಬೆಳೆಸಿದ್ದ ಕಾಕಡ ಮಲ್ಲಿಗೆಗೆ ದಿನಾ ಬಾಯಿ ಹಾಕುತ್ತಿತ್ತು.

ಗೇಟು ಹಾಕಿಸಿದರೆ ದೇವರ ಬಸವನಿಗೆ ಬಾಗಿಲು ಮುಚ್ಚಿದ ಅಂತ ಊರು ಆಡಿಕೊಳ್ಳುತ್ತದೆ. ಹಾಕಿಸದಿದ್ದರೆ ಚಿಕ್ಕಮಲ್ಲಮ್ಮ ಸಾರಿಗೆ ಉಪ್ಪು ಹಾಕುವುದಿಲ್ಲ. ಉಪ್ಪಿಲ್ಲದ ಸಾರು ಸ್ವಲ್ಪ ದಿನ ಉಂಡ ದೊಡ್ಡಮಲ್ಲಪ್ಪನಿಗೆ ಒಂದು ಉಪಾಯ ಹೊಳೆಯಿತು. ಗೇಟಿನ ಮೇಲೆ ಬಸವಣ್ಣನನ್ನೇ ಕೂರಿಸಿಬಿಟ್ಟರೆ? "ತಡೆಯೋನು ನಾನಲ್ಲ, ಬಸವಣ್ಣನೇ ಬಸಪ್ಪನ್ನ ತಡೀತಾವ್ನ ಅಂದ್ಬುಡ್ತೀನಿ" ಅಂತ ನನ್ನ ಅಂಗಡಿಯಲ್ಲಿ ಕೂತು ತಾನೇ ನಕ್ಕಿದ್ದ.

ನಾನು ಮೈಸೂರಿಗೆ ಹೋಗಿ ದಪ್ಪ ತಗಡಿನಲ್ಲಿ ಮಲಗಿದ ಬಸವಣ್ಣನನ್ನು ಮಿಷನ್ನಿನಲ್ಲಿ ಕತ್ತರಿಸಿಕೊಂಡು ಬಂದೆ. ಕೊರಳಿಗೆ ಗಂಟೆ, ಬೆನ್ನಿಗೆ ಜೂಲು, ಕಣ್ಣಿನ ರೆಪ್ಪೆ ಸಮೇತ. "ಎಲ್ಲಿ ಕೂರುಸ್ಲಿ?" ಅಂತ ಕೇಳಿದೆ. "ನಟ್ಟನಡುವ. ದೇವ್ರನ್ನ ಯಾರಾದ್ರೂ ಮೂಲೇಲಿ ಕೂರುಸ್ತಾರಾ?" ಅಂದ. ಗೇಟು ಎರಡು ಕದದ್ದು. ನಡುವೆ ಏನು ಕೂತರೂ ಅರ್ಧ ಆ ಕದಕ್ಕೆ, ಅರ್ಧ ಈ ಕದಕ್ಕೆ. ಹಾಗೇ ಕೂರಿಸಿದೆ. ಮುಚ್ಚಿದರೆ ಕೂದಲೆಳೆ ತೂರದ ಹಾಗೆ ಕೂತಿತ್ತು ನನ್ನ ಕೆಲಸ. ಶನಿವಾರ ಕಂಬ ನಿಲ್ಲಿಸಿ, ಗೇಟು ಏರಿಸಿ, "ಕಾಂಕ್ರೀಟು ಗಟ್ಟಿಯಾಗೋ ತಂಕ ಯಾರೂ ಮುಟ್ಬ್ಯಾಡಿ" ಅಂತ ಹೇಳಿ ಬಂದಿದ್ದೆ. ಅವರೂ ಮುಟ್ಟಲಿಲ್ಲ. ಸೋಮವಾರ ಬೆಳಗ್ಗೆ ಗುಡಿಯ ಅಯ್ಯನವರು ಬಸವಪ್ರಸಾದ್ ಬಂದು, ಬಸವಣ್ಣನಿಗೆ ವಿಭೂತಿ ಬಳಿದು, ದಾಸವಾಳದ ಹಾರ ಹಾಕಿ, ಕಾಯಿ ಒಡೆದು, "ಈಗ ತಗೀರಿ" ಅಂದಾಗಲೇ ಆ ಗೇಟು ಮೊದಲ ಸಲ ತೆರೆದದ್ದು. ಹಾರ ಕಿತ್ತು ಹೂವೆಲ್ಲ ನೆಲಕ್ಕೆ. ತಕ್ಷಣ ಮುಚ್ಚಿದರಂತೆ. ಮುಚ್ಚಿದ್ದು ಮುಚ್ಚಿದಂತೆಯೇ ಇದೆ.

"ಮಲ್ಲಪ್ನೋರೆ, ನಡುವ ಕೂರ್ಸು ಅಂದೋರು ಯಾರು?"

"ಕೂರ್ಸು ಅಂದೆ. ಕೊಯ್ಯಿ ಅಂದ್ನಾ?"

"ಗುಂಡ್ಲುಪೇಟ ಅರ್ಧ ಊರಿನ ಗೇಟ್ ಮೇಲ ಸೂರ್ಯನ್ನ ಕೂರ್ಸಿವ್ನಿ. ದಿನಾ ಬೆಳಗೆದ್ದು ಸೂರ್ಯನ್ನ ಇಬ್ಬಾಗ ಮಾಡ್ಕಂಡೇ ಆಪೀಸಿಗ ಓಯ್ತಾರ. ಒಬ್ಬ ಬಂದು ಕೇಳ್ನಿಲ್ಲ ನನ್ನ!"

"ಸೂರ್ಯನ್ಗ ಇಣಿಲು ಅದಾ? ಬಾಲ ಅದಾ? ನಾವ್ ಪೂಜೆ ಮಾಡೋ ದೇವ್ರಾ ಅದು?"

ಅಷ್ಟರಲ್ಲಿ ರಸ್ತೆಯ ಆ ಬದಿಯಿಂದ ಇನ್ನೊಂದು ದಂಡು ಬಂತು. ನನ್ನ ಅಂಗಡಿಯ ಎದುರಿಗೆ ಸುನೀಲ್ ಕುಮಾರ್ ಅವರ ರಕ್ತ ಪರೀಕ್ಷೆ ಲ್ಯಾಬಿದೆ. ಶುಗರ್ ನೋಡಿಸಲು ಬರುವವರು ಬೆಳಗ್ಗೆ ಏನೂ ತಿನ್ನದೆ ಬಂದು ಬೆಂಚಿನ ಮೇಲೆ ಕೂರುತ್ತಾರೆ. ಅಲ್ಲಿ ರಕ್ತ ತೆಗೆಯುವ ಹುಡುಗಿ ದೊಡ್ಡಮಲ್ಲಪ್ಪನ ಸೊಸೆ ಸುಧಾಮಣಿ. ಅವಳು ಬರುವುದು ಸ್ಕೂಟರಿನಲ್ಲಿ. ಆ ಸ್ಕೂಟರು ಗೇಟಿನ ಒಳಗಿತ್ತು.

ದಂಡಿನ ಮುಂದೆ ಮಹಾಲಕ್ಷ್ಮಮ್ಮ. ಮೊಮ್ಮಕ್ಕಳನ್ನು ಕಂಡ ಹೆಂಗಸು, ಕೈಯಲ್ಲಿ ಇಡ್ಲಿಯ ಡಬ್ಬಿ, ಕಣ್ಣಲ್ಲಿ ಬೆಂಕಿ.

"ಯಾವನ್ಲಾ ತಗೆಯಾಕ್ ಬರ್ದೇ ಇರೋ ಗೇಟ್ ಮಾಡ್ದೋನು?"

"ನಾನೇ ಕಣಮ್ಮ. ಏನೀಗ?"

"ನಿನ್ನೆ ರಾತ್ರಿ ಉಂಡೋಳು ನಾನು. ಕಾಪಿ ಇಲ್ಲ, ನೀರಿಲ್ಲ. ತಗೋ ಕೈ, ನೀನೇ ಚುಚ್ಚಿ ರಕ್ತ ತಗಿ. ಆ ಡ್ರಿಲ್ಲಿಂಗ್ ಮಿಷನ್ನಾದ್ರೂ ಸರಿ, ತಗಿ!"

ರವಿಕೆಯ ತೋಳು ಮಡಚಿ ಕೈಯನ್ನು ನನ್ನ ಮೂಗಿನ ಹತ್ತಿರಕ್ಕೆ ತಂದಳು. ಹಿಂದೆ ಸುನೀಲ್ ಕುಮಾರ್ ಕೈಕಟ್ಟಿಕೊಂಡು ನಿಂತಿದ್ದರು.

"ನೋಡಿ ಮಲ್ಲಪ್ನೋರೆ, ನಿಮ್ಮ ಸೊಸೆ ಕೈ ಒಳ್ಳೇದು. ಯಾರಿಗೂ ಎರಡನೇ ಸಲ ಚುಚ್ಚಿದ್ದಿಲ್ಲ. ಆದ್ರೆ ಹಸಿದು ಕೂತೋರಿಗೆ ನಾನು ಗೇಟಿನ ಕತೆ ಹೇಳ್ಕೊಂಡು ಕೂರೋಕಾಗಲ್ಲ. ಇವತ್ತು ಹೋಗ್ಲಿ, ನಾಳೆ ಹೆಂಗೋ ಸುಧಾರಿಸ್ತೀನಿ. ನಾಡಿದ್ದು ಏಳು ಗಂಟೆಗೆ ಬರಲಿಲ್ಲ ಅಂದ್ರೆ ಮೈಸೂರಿನ ಹುಡುಗಿ ರೆಡಿ ಇದ್ದಾಳೆ."

"ಕರುಸ್ಕೊಳಿ ಸಾರ್, ಇವತ್ತೇ ಕರುಸ್ಕೊಳಿ" ಅಂದ ದೊಡ್ಡಮಲ್ಲಪ್ಪ. ಬೈಗುಳದ ನಡುವೆ ಅವನ ಮುಖ ಮೊದಲ ಸಲ ಅರಳಿತು. "ನಮ್ ಮನೇಲಿ ಏನ್ ಕಮ್ಮಿ ಆಗದ? ಸೊಸೆ ಆದೋಳು ಕೋಳಿ ಕೂಗೋ ಒತ್ಗ ಎದ್ದು ಕಂಡೋರ ರಕ್ತ ತಗೆಯಾಕ ಓಗೋದು ಬಸವಣ್ಣನ್ಗೂ ಇಷ್ಟ ಇಲ್ಲ. ಅದ್ಕೇ ಈ ತರ ಆಗದ."

ಆ ಮಾತು ನನ್ನ ತಲೆಗೆ ಏರಿತು. ನನ್ನ ಗೇಟು ತೆಗೆಯಲು ಬರುವುದಿಲ್ಲ ಅನ್ನುವುದು ಒಂದು ಮಾತು. ನನ್ನ ಗೇಟು ಇಟ್ಟುಕೊಂಡು ಒಬ್ಬಳನ್ನು ಮನೆಯೊಳಗೆ ಕೂರಿಸುತ್ತೇನೆ ಅನ್ನುವುದು ಇನ್ನೊಂದು ಮಾತು. ಅಂಥ ಗೇಟು ಮಾಡಲು ನಾನು ಜೈಲಿನ ಕಂಟ್ರಾಕ್ಟು ಹಿಡಿದವನಲ್ಲ. ಕಟ್ಟರ್ ಮಿಷನ್ನು, ವಯರು, ಸ್ಪ್ಯಾನರು ಗಾಡಿಗೆ ಹಾಕಿಕೊಂಡು ಭೀಮನಬೀಡಿಗೆ ಹೊರಟೆ.

ನಾನು ಹೋಗುವಾಗ ಎದುರಿಗೆ ಈರುಳ್ಳಿ ಮೂಟೆಯ ಗಾಡಿಯಲ್ಲಿ, ಮೂಟೆಗಳ ಮೇಲೆ ಕೂತು ಸುಧಾಮಣಿ ಬರುತ್ತಿದ್ದಳು. ತಲೆಯ ಮೇಲೆ ಹೆಲ್ಮೆಟ್ ಹಾಗೇ ಇತ್ತು. ಹಿತ್ತಲ ಬಾಗಿಲಿನಿಂದ ಪಕ್ಕದ ರಾಜಣ್ಣನ ಕೊಟ್ಟಿಗೆಯಲ್ಲಿ ನುಗ್ಗಿ, ತಿಪ್ಪೆ ದಾಟಿ ರಸ್ತೆಗೆ ಬಂದಿದ್ದಳಂತೆ. ಸ್ಕೂಟರು ಆ ದಾರಿಯಲ್ಲಿ ಬರುವುದಿಲ್ಲ. ಮೊದಲ ಬಸ್ಸು ಬರುವಷ್ಟರಲ್ಲಿ ಗುಂಡ್ಲುಪೇಟೆಯ ರೋಗಿಗಳು ಇಡ್ಲಿ ತಿಂದು ಎರಡನೇ ಕಾಫಿ ಕುಡಿದಿರುತ್ತಾರೆ.

"ಶಿವಸ್ವಾಮಣ್ಣ, ಗೇಟ್ ಚೆನ್ನಾಗಿ ಮಾಡಿದ್ದೀರ" ಅಂತ ಮೂಟೆ ಮೇಲಿಂದಲೇ ಕೂಗಿದಳು. "ಇರುವೆ ಕೂಡ ಆಚೆ ಬರಾಕಾಗ್ತಿಲ್ಲ."

ಹೊಗಳಿದಳೋ ಬೈದಳೋ ಅಂತ ಊರು ತಲುಪುವವರೆಗೂ ಯೋಚನೆ ಮಾಡಿದೆ.

ಗೇಟಿನ ಮುಂದೆ ಅರ್ಧ ಊರೇ ಸೇರಿತ್ತು. ನಿಜವಾದ ಬಸಪ್ಪನೂ ಗೇಟಿಗೆ ಮೂತಿ ಇಟ್ಟುಕೊಂಡು ಮಲಗಿ ಮೆಲುಕು ಹಾಕುತ್ತಿತ್ತು. ಅದಕ್ಕೂ ಒಳಗೆ ಹೋಗಲು ಆಗಿರಲಿಲ್ಲ. ನಾನು ಕಟ್ಟರ್ ಕೈಗೆ ತೆಗೆದುಕೊಂಡಿದ್ದೇ ತಡ, ಬಸವಪ್ರಸಾದ್ ಎರಡೂ ಕೈ ಚಾಚಿ ಅಡ್ಡ ನಿಂತ. ವಯಸ್ಸು ಚಿಕ್ಕದು, ಶಾಲು ದೊಡ್ಡದು.

"ಏನ್ ಮಾಡಾಕೋಯ್ತಿದ್ದೀ?"

"ಬಸವಣ್ಣನ್ನ ಬುಡಿಸಿ ಒಂದೇ ಕದಕ್ಕೆ ಸೇರುಸ್ತೀನಿ ಅಯ್ನೋರೆ. ಮದ್ದಾನ ಒತ್ಗ ಮುಗುದೋಯ್ತದ."

"ವಿಭೂತಿ ಇಟ್ಟಾಗದ. ಇನ್ನ ಅದು ತಗಡಲ್ಲ. ದೇವ್ರ ಮೇಲ ಕಟ್ಟರ್ ಇಡ್ತೀಯಾ?"

"ಇಡಾಕ್ಮುಂಚ ಒಂದ್ಸಲ ತಗದು ನೋಡ್ಬಾರ್ದಾಗಿತ್ತಾ?"

"ಮುಟ್ಬ್ಯಾಡಿ ಅಂದೋನು ನೀನೇ ಅಲ್ವಾ?"

ಉತ್ತರ ಇಲ್ಲದಾಗ ನಾನು ಇನ್ನೂ ಜೋರಾಗಿ ಕೂಗುತ್ತೇನೆ. ಕೂಗಿದೆ. ಊರಿನವರೂ ಕೂಗಿದರು. ಆಮೇಲೆ ಎಲ್ಲರೂ ಬುದ್ಧಿವಂತಿಕೆ ಹೇಳಲು ಶುರು ಮಾಡಿದರು. ತೆಗೆಯುವಾಗ ಮಾತ್ರ ಬಸವಣ್ಣನ ಮೇಲೆ ಗೋಣಿಚೀಲ ಹಾಕಿದರೆ ಹೇಗೆ ಅಂತ ರಾಜಣ್ಣ ಕೇಳಿದ. "ಮಕ ಮುಚ್ಚಿ ಕೊಯ್ಯಾದಾ? ಅದು ಇನ್ನೂ ಅನ್ಯಾಯ" ಅಂತ ಇನ್ನೊಬ್ಬ. ಎರಡೂ ಕದ ಒಂದು ಮಾಡಿ, ಕೆಳಗೆ ಕಂಬಿ ಹಾಕಿ ಗೋಡೆ ಪಕ್ಕಕ್ಕೆ ಜಾರಿಸುವ ಗೇಟು ಮಾಡಿಬಿಡೋಣ ಅಂತ ನಾನು ಹೇಳಿದೆ. ಬಸವಣ್ಣ ಇಡಿಯಾಗಿ ಪಕ್ಕಕ್ಕೆ ಹೋಗುತ್ತಾನೆ. ಆದರೆ ಒಂದು ಪಕ್ಕ ಬೋರ್‌ವೆಲ್ಲು, ಇನ್ನೊಂದು ಪಕ್ಕ ಕಾಕಡ ಗಿಡಗಳ ಸಾಲು.

"ಕಾಕಡ ಕೀಳಾದಾಗಿದ್ರ ಗೇಟ್ ಯಾಕ್ಲಾ ಆಕುಸ್ಬೇಕಾಗಿತ್ತು?" ಅಂದಳು ಚಿಕ್ಕಮಲ್ಲಮ್ಮ ಒಳಗಿನಿಂದ. ಕುಸಿದವಳು ಎದ್ದು ಕೂತಿದ್ದಳು. ಜಾರುವ ಗೇಟಿನ ಮಾತು ಅಲ್ಲಿಗೇ ನಿಂತಿತು.

ಕೊನೆಗೆ ನನಗೇ ಹೊಳೆಯಿತು. ಕೀಲುಗಳು ಕಂಬಕ್ಕೆ ಬಿಗಿದವಲ್ಲ, ಗೂಟದ ಮೇಲೆ ಕೂರಿಸಿದವು. ಗೇಟನ್ನು ಮೇಲಕ್ಕೆ ಎತ್ತಿದರೆ ಇಡಿಯಾಗಿ ಈಚೆಗೆ ಬರುತ್ತದೆ. ಹಿಂದುಗಡೆ ಒಂದು ಕಬ್ಬಿಣದ ಪಟ್ಟಿ ಇಟ್ಟು, ಬಸವಣ್ಣನಿಗೆ ತಾಕದ ಹಾಗೆ ಎರಡೂ ಕದಕ್ಕೆ ಬೋಲ್ಟು ಹಾಕಿ ಬಿಗಿದರೆ ಎರಡು ಕದವೂ ಒಂದೇ.

"ತಗೆಯಾದ್ ಬ್ಯಾಡ. ಎತ್ತಾಣ. ಸುಧಾಮಣಿ ಆಚಕ್ಕೋಗ್ಲಿ, ಮತ್ತ ಕೂರ್ಸಾಣ. ಬಸವಣ್ಣ ಸೀಳಲ್ಲ."

ಬಸವಪ್ರಸಾದ್ ಕಣ್ಣು ಮುಚ್ಚಿ ಯೋಚಿಸಿದ. "ಎತ್ತಾದು ತಪ್ಪಲ್ಲ. ದೇವ್ರನ್ನ ಎತ್ತೇ ಎತ್ತುತಾರ" ಅಂದ.

ದೊಡ್ಡಮಲ್ಲಪ್ಪ ಮಾತ್ರ ಗೊಣಗಿದ. "ದಿನಾ ಇವ್ಳು ಕೆಲ್ಸಕ್ಕೋಗಾಕ ನಾಲ್ಕಾಳು ಬೇಕಾ?"

ಮಗ ದಿಲೀಪ್ ಬಾಯಿಬಿಟ್ಟದ್ದು ಆಗಲೇ. ಅವನು ಬಾಳೆ ತೋಟ ನೋಡಿಕೊಳ್ಳುವ ಹುಡುಗ. ಅಪ್ಪನ ಮುಂದೆ ಮಾತು ಕಮ್ಮಿ, ಹೆಂಡತಿ ಮುಂದೆ ಇನ್ನೂ ಕಮ್ಮಿ. "ನಾನ್ ಒಬ್ಬ ಬತ್ತೀನಿ ಕಣಪ್ಪ. ಇನ್ ಮೂರ್ ಜನ ಸಾಕು" ಅಂದ.

ಮಾರನೆ ದಿನ ಬೆಳಕು ಹರಿಯುವ ಹೊತ್ತಿಗೆ ನಾನು ಅಲ್ಲಿದ್ದೆ. ನಾನು, ದಿಲೀಪ್, ರಾಜಣ್ಣ, ಮರಿಯಪ್ಪ. ಮರಿಯಪ್ಪ ಮೂಟೆ ಹೊರುವ ಆಳು, ಬೆನ್ನು ಗಟ್ಟಿ. ಸುಧಾಮಣಿ ಒಳಗೆ ಸ್ಕೂಟರಿನ ಮೇಲೆ ಕೂತು ಸಿದ್ಧವಾಗಿದ್ದಳು. "ಐಸಾ" ಅಂತ ಎತ್ತಿದೆವು. ಗೇಟು ಬಂತು. ನಮ್ಮ ಹೆಗಲ ಮೇಲೆ ಬಸವಣ್ಣ ಇಡಿಯಾಗಿ, ಕಣ್ಣಿನ ರೆಪ್ಪೆ ಸಮೇತ ನಿಂತ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಇಳಿಸಿದ್ದರೆ ಕೆಲಸ ಮುಗಿದಿತ್ತು.

ಆದರೆ ಯಾರೋ ಮುದುಕಿ ಆರತಿ ತಟ್ಟೆ ಹಿಡಿದು ಬಂದಳು. ಇನ್ನಾರೋ ಜಾಗಟೆ ತಂದರು. ದೊಡ್ಡಮಲ್ಲಪ್ಪ ನೋಡನೋಡುತ್ತಿದ್ದಂತೆ ಹೊಸ ಟವಲು ಹೆಗಲಿಗೆ ಹಾಕಿಕೊಂಡು ಮುಂದೆ ಬಂದು ನಿಂತ.

"ಎತ್ತಿದ್ ದೇವ್ರನ್ನ ಸುಮ್ಮಸುಮ್ನೆ ಇಳುಸ್ಬಾರ್ದು. ಗುಡಿ ತಂಕ ಓಗ್ಬುಟ್ ಬರಾಣ."

"ಗೇಟ್ ಕಣ್ರೀ ಇದು! ಗೇಟು!" ಅಂತ ಕಿರುಚಿದೆ.

"ಬಾಯ್ ಮುಚ್ಕಂಡು ಒತ್ಕಂಡ್ ನಡಿ. ಅಪಶಕುನ ಆಡ್ಬ್ಯಾಡ."

ಇಳಿಸೋಣ ಅಂದರೆ ಕೆಳಗೆ ಜನ. ಮುಂದೆ ಜಾಗಟೆ, ಹಿಂದೆ ಹೆಂಗಸರು, ನಡುವೆ ನಾವು. ಚೌಕದ ಪೈಪಿನ ಗೇಟು, ಅದರ ಮೇಲೆ ದಪ್ಪ ತಗಡಿನ ಬಸವಣ್ಣ. ಗಟ್ಟಿಮುಟ್ಟಾಗಿ ಮಾಡಿದ್ದಕ್ಕೆ ಜೀವನದಲ್ಲಿ ಮೊದಲ ಸಲ ನನ್ನನ್ನು ನಾನೇ ಬೈದುಕೊಂಡೆ. ಬೀದಿ ಅಗಲ ಕಮ್ಮಿ. ನಮ್ಮ ಹಿಂದೆಯೇ ಸುಧಾಮಣಿಯ ಸ್ಕೂಟರು. ಅದಕ್ಕೆ ಮುಂದೆ ಹೋಗಲು ಜಾಗವಿಲ್ಲ.

ಪೀಂ ಪೀಂ.

"ಶಿವಸ್ವಾಮಣ್ಣ, ಸೈಡ್ ಕೊಡಿ!"

"ಎಲ್ಲಿಗ ಕೊಡ್ಲವ್ವ, ಗ್ವಾಡೆಗ ಅಂಟ್ಕಳ್ಳಾ?"

"ಅಲ್ಲಿ ಮಹಾಲಕ್ಷ್ಮಮ್ಮ ನೀರು ಕುಡೀದಂಗೆ ಕುಂತವ್ರೆ!"

ಪೀಂ ಪೀಂ.

"ನೋಡ್ರೋ, ದೇವ್ರ ಹಿಂದ ಆರ್ನ್ ಒಡೀತಾಳ!" ಅಂತ ಒಬ್ಬಳು ಕೆನ್ನೆ ಬಡಿದುಕೊಂಡಳು.

"ಒಡೀಲಿ ಬುಡಮ್ಮಿ, ಜಾಗಟೆಗ ತಾಳ ಆಯ್ತದ" ಅಂದ ಮರಿಯಪ್ಪ. ಅವನಿಗೆ ಭಾರವೇ ಗೊತ್ತಾಗುತ್ತಿರಲಿಲ್ಲ.

ಗುಡಿಯ ಮುಂದೆ ಮಂಗಳಾರತಿ. ಆಮೇಲೆ ಬೀದಿ ಅಗಲವಾದ ಮೇಲೆ ಸುಧಾಮಣಿ ನಮ್ಮನ್ನು ದಾಟಿ ಹೋದಳು. ಅವತ್ತೂ ತಡವಾಯಿತು. ನಾವು ಗೇಟು ಹೊತ್ತುಕೊಂಡು ವಾಪಸು ಬಂದಾಗ ಚಿಕ್ಕಮಲ್ಲಮ್ಮ ಅಂಗಳದಲ್ಲಿ ಪೊರಕೆ ಹಿಡಿದುಕೊಂಡು, ಹೊಡೆಯಲೂ ಆಗದೆ ಕೈಮುಗಿಯಲೂ ಆಗದೆ ನಿಂತಿದ್ದಳು. ಗೇಟು ಊರ ಮೆರವಣಿಗೆಗೆ ಹೋದಾಗ ಬಾಗಿಲು ಬಟಾಬಯಲು. ಬಸಪ್ಪ ಒಳಗೆ ಬಂದು ಕಾಕಡದ ಅರ್ಧ ಸಾಲು ಮುಗಿಸಿ, ಉಳಿದರ್ಧದ ಮುಂದೆ ನಿಂತಿತ್ತು.

ಅದನ್ನು ಬಾಳೆಹಣ್ಣು ತೋರಿಸಿ ಆಚೆಗೆ ಕರೆದು, ಗೇಟು ಕೂರಿಸುವಾಗ ದಿಲೀಪನ ಸೊಂಟ ಹಿಡಿದುಕೊಂಡಿತು. ಸಂಜೆ ಸುಧಾಮಣಿ ಸ್ಕೂಟರಿನಲ್ಲಿ ಬಂದಾಗ ಮತ್ತೆ ಎತ್ತಲು ನಾನು, ಮರಿಯಪ್ಪ ಇಬ್ಬರೇ. ರಾಜಣ್ಣ ನೆಂಟರ ಮನೆಗೆ ಹೋಗಿದ್ದ. ಅವನ ಚಪ್ಪಲಿ ಮಾತ್ರ ಅವನ ಮನೆ ಮುಂದೆಯೇ ಇತ್ತು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರನ್ನು ಬೈದು ಕರೆದು ಹೇಗೋ ಎತ್ತಿ ಸ್ಕೂಟರು ಒಳಗೆ ಬಿಟ್ಟೆವು.

"ನಾಳೆ ಏಳು ಗಂಟೆ ಕೊನೆ, ಶಿವಸ್ವಾಮಣ್ಣ" ಅಂದಳು ಸುಧಾಮಣಿ. ನಗುತ್ತಿರಲಿಲ್ಲ. "ಸುನೀಲ್ ಸಾರ್ ಮೈಸೂರಿಗೆ ಫೋನ್ ಮಾಡಿದ್ದು ನನ್ನ ಎದುರುಗಡೇನೇ. ಸ್ಕೂಟರ್ ಹೊರಗೆ ನಿಲ್ಲಿಸ್ತೀನಿ ಅಂದ್ರೆ ಮಾವ ಬೇಡ ಅಂತಾರೆ."

"ಸೊಸೆ ಗಾಡಿ ಬೀದೀಲಿ ಬಿದ್ದಿದ್ರ ಜನ ಏನಂದಾರು?" ಅಂದ ದೊಡ್ಡಮಲ್ಲಪ್ಪ ಒಳಗಿನಿಂದ. ಅವನ ಉಪಾಯ ಈಗ ನನಗೆ ಪೂರ್ತಿ ಅರ್ಥವಾಯಿತು. ಬಸವಣ್ಣ ಸೀಳಿಹೋದದ್ದಕ್ಕೆ ಅವನಿಗೆ ಮೊದಲ ದಿನ ನೋವಾಗಿದ್ದು ನಿಜ. ಎರಡನೇ ದಿನಕ್ಕೆ ಅದರಿಂದ ಅನುಕೂಲವಾಗಿತ್ತು.

ಬೆಳಗ್ಗೆ ನಾನು ಹೋದಾಗ ಎತ್ತುವವರು ಒಬ್ಬರೂ ಇರಲಿಲ್ಲ. ಮರಿಯಪ್ಪನನ್ನು ದೊಡ್ಡಮಲ್ಲಪ್ಪನೇ ಬೆಳಗಿನ ಜಾವ ಎಬ್ಬಿಸಿ ಬಾಳೆಗೊನೆ ತುಂಬಲು ತೋಟಕ್ಕೆ ಕಳಿಸಿದ್ದ. ದಿಲೀಪ್ ಸೊಂಟಕ್ಕೆ ಎಣ್ಣೆ ಸವರಿಕೊಂಡು ಗೋಡೆ ಹಿಡಿದು ನಿಂತಿದ್ದ. ಸುಧಾಮಣಿ ಹೆಲ್ಮೆಟ್ ಹಾಕಿಕೊಂಡು ಸ್ಕೂಟರಿನ ಪಕ್ಕದಲ್ಲಿದ್ದಳು. ದೊಡ್ಡಮಲ್ಲಪ್ಪ ಗೇಟಿನ ಹೊರಗೆ, ಎದುರು ಮನೆಯ ಜಗುಲಿ ಮೇಲೆ ಹಲ್ಲುಜ್ಜುತ್ತಾ ಆಕಾಶ ನೋಡುತ್ತಿದ್ದ.

ನನ್ನ ಪಿತ್ತ ನೆತ್ತಿಗೇರಿತು. ರಾಜಣ್ಣನ ಕೊಟ್ಟಿಗೆಯಿಂದ ಒಳಗೆ ನುಗ್ಗಿ, ಗೇಟಿನ ಹಿಂದಿನ ಪಟ್ಟಿಯ ಬೋಲ್ಟು ಬಿಚ್ಚಿ ಪಟ್ಟಿಯನ್ನು ಬೀದಿಗೆ ಎಸೆದೆ. ಚಿಲಕ ಎಳೆದೆ.

"ತಗೀತೀನಿ. ಪಾಪ ಬಂದ್ರ ನನಗ ಬರ್ಲಿ."

ದೊಡ್ಡಮಲ್ಲಪ್ಪ ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ಓಡಿಬಂದು ಎರಡೂ ಕದಗಳನ್ನು ತಬ್ಬಿ, ಬಸವಣ್ಣ ಬಿರಿಯದ ಹಾಗೆ ತನ್ನ ಕಡೆಗೆ ಎಳೆದು ಹಿಡಿದ. "ಅಯ್ನೋರೇ! ಓಡ್ಬನ್ನಿ! ದೇವ್ರನ್ನ ಕೊಯ್ತಾವ್ನ!" ಅಂದ. ಬಾಯಲ್ಲಿದ್ದ ನೊರೆಯೆಲ್ಲ ಬಸವಣ್ಣನ ಕೊಂಬಿನ ಮೇಲೆ ಸಿಡಿಯಿತು.

ಬಸವಪ್ರಸಾದ್ ಒದ್ದೆ ಪಂಚೆಯಲ್ಲಿ ಬಂದ. ಜನವೂ ಬಂದರು. ನಾನು ಒಂದು ಹೇಳಿದೆ, ದೊಡ್ಡಮಲ್ಲಪ್ಪ ಒಂದು ಹೇಳಿದ, ಸುಧಾಮಣಿ ಗಡಿಯಾರ ನೋಡಿದಳು. ಕೊನೆಗೆ ಬಸವಪ್ರಸಾದ್ ಕೈ ಎತ್ತಿದ.

"ಇದು ನಮ್ ಕೈಲಿ ತೀರ್ಮಾನ ಆಗಲ್ಲ. ಬಸಪ್ಪನ್ನೇ ಕೇಳ್ಬುಡಾಣ."

"ಬ್ಯಾಡಿ!" ಅಂತ ಚಿಕ್ಕಮಲ್ಲಮ್ಮ ಒಳಗಿನಿಂದ ಚೀರಿದಳು. "ಅವನ್ನ ಮಾತ್ರ ಕೇಳ್ಬ್ಯಾಡಿ! ಅವನು ನಮ್ ಪಾರ್ಟಿ ಅಲ್ಲ!"

ದೊಡ್ಡಮಲ್ಲಪ್ಪನಿಗೆ ಮಾತ್ರ ಅದು ಒಪ್ಪಿಗೆಯಾಯಿತು. ದೇವರ ಬಸವ ತನ್ನ ಜಾತಿಯವನನ್ನೇ ಸೀಳಲು ಅಪ್ಪಣೆ ಕೊಡುತ್ತದೆಯೇ ಅನ್ನುವುದು ಅವನ ಲೆಕ್ಕ. "ಕೇಳಿ, ಕೇಳಿ. ಅವನು ಏನಂದ್ರೂ ಸರಿ. ನಾನು ಎರಡನೇ ಮಾತಾಡಲ್ಲ" ಅಂದ, ಎಲ್ಲರಿಗೂ ಕೇಳುವ ಹಾಗೆ.

ಬಸಪ್ಪ ದೂರವೇನೂ ಇರಲಿಲ್ಲ. ಹಿಂದಿನ ದಿನದಿಂದ ಆ ಗೇಟಿನ ಸುತ್ತಲೇ ಸುಳಿಯುತ್ತಿತ್ತು. ಅದರ ಕೊರಳಿಗೆ ಹಾರ ಹಾಕಿ, ಹಣೆಗೆ ವಿಭೂತಿ ಇಟ್ಟು, ಮುಂದೆ ನಿಲ್ಲಿಸಿದರು.

"ಬಸಪ್ಪ, ಈ ಗೇಟ್ ತಗೀಬೋದು ಅನ್ನಾದಾದ್ರ ಬಲಗಾಲೆತ್ತು. ತಗೀಬಾರ್ದು ಅನ್ನಾದಾದ್ರ ಎಡಗಾಲೆತ್ತು" ಅಂತ ಬಸವಪ್ರಸಾದ್ ಕೇಳಿದ.

ಬಸಪ್ಪ ಎತ್ತಿದ್ದು ಬಾಲ. ಸೆಗಣಿ ಹಾಕಿತು.

"ಇದ್ಕೇನ ಅರ್ಥ?" ಅಂತ ರಾಜಣ್ಣ ಕೇಳಿದ. ನೆಂಟರ ಮನೆಯಿಂದ ಬಂದುಬಿಟ್ಟಿದ್ದ.

"ಯೋಚ್ನೆ ಮಾಡ್ತಾವ್ನ ಅಂತ" ಅಂದ ಬಸವಪ್ರಸಾದ್.

ಯೋಚನೆ ಮುಗಿಸಿ ಬಸಪ್ಪ ತಲೆ ಬಗ್ಗಿಸಿ ನೇರವಾಗಿ ಗೇಟಿಗೇ ನಡೆಯಿತು. ಕದ ಎಳೆದು ಹಿಡಿದಿದ್ದ ದೊಡ್ಡಮಲ್ಲಪ್ಪ ಹಿಂತಿರುಗಿ ನೋಡಿದ. ಮುಂದೆ ತಗಡಿನ ಬಸವಣ್ಣ, ಹಿಂದೆ ಜೀವ ಇರುವ ಬಸವಣ್ಣ, ಕೊಂಬು ಅವನ ಪಕ್ಕೆಯ ಮಟ್ಟಕ್ಕೆ. ಬ್ರಷ್ಷು ಉಗಿದು ಪಕ್ಕಕ್ಕೆ ಹಾರಿದ. ಬಸಪ್ಪ ಹಣೆಯಿಂದ ಒಂದು ಸಲ ತಳ್ಳಿತು. ನನ್ನ ಕೀಲು ಕಿರ್ ಅನ್ನಲಿಲ್ಲ. ಎರಡೂ ಕದ ಒಳಕ್ಕೆ ತೆರೆದುಕೊಂಡವು. ತಲೆ ಅತ್ತ ಹೋಯಿತು, ಬಾಲ ಇತ್ತ ಹೋಯಿತು, ಬಸಪ್ಪ ನಡುವೆ ನಡೆದು ಉಳಿದಿದ್ದ ಅರ್ಧ ಸಾಲು ಕಾಕಡಕ್ಕೆ ಬಾಯಿ ಹಾಕಿತು.

ಬಸಪ್ಪ ಜಗಿಯುವ ಸದ್ದು ಮಾತ್ರ ಕೇಳುತ್ತಿತ್ತು.

"ಅಪ್ಪಣೆ ಆಯ್ತು" ಅಂದ ಬಸವಪ್ರಸಾದ್.

"ಯಾವ ಅಪ್ಪಣೆ? ಅದು ಊವು ತಿನ್ನಾಕ ಓದದ್ದು! ಕಾಲೆಲ್ಲಿ ಎತ್ತುದ? ಇದು ಲೆಕ್ಕಕಿಲ್ಲ, ಇನ್ನೊಂದ್ಸಲ ಕೇಳಿ!"

"ಬಸಪ್ಪನ್ನ ಎರಡ್ಸಲ ಕೇಳಂಗಿಲ್ಲ ಮಲ್ಲಪ್ನೋರೆ. ನಡ್ಕಂಡು ಒಳಕ್ಕೋದ್ನಲ್ಲ, ಕಾಲೆತ್ತದೆ ಎಂಗೋದ?"

ಸುಧಾಮಣಿ ಸ್ಕೂಟರು ಚಾಲು ಮಾಡಿದಳು. ದೊಡ್ಡಮಲ್ಲಪ್ಪ ಎರಡು ಕದಗಳ ನಡುವೆ ಕೈ ಅಗಲಿಸಿ ನಿಂತ. ಒಂದು ಕೈ ತಲೆಯ ಕಡೆಗೆ, ಒಂದು ಕೈ ಬಾಲದ ಕಡೆಗೆ.

"ಓಗಂಗಿಲ್ಲ."

"ಮಾವ, ಅಲ್ಲಿ ಹಸ್ಕೊಂಡು ಕುಂತವ್ರೆ. ಬಿಡಿ."

"ಅವರು ಅಸ್ಕಂಡಿದ್ರ ನಿನಗೇನವ್ವ? ನಮ್ಮನ ಗೌರವ ಏನಾಗ್ಬೇಕು? ಬಸವಣ್ಣನ್ನ ಸೀಳಿ, ನಡುವ ಗಾಡಿ ಓಡುಸ್ಕಂಡು ಓಗ್ತೀಯಾ?"

"ಈಗ ತಾನೆ ಬಸಪ್ಪನೇ ಹೋದ. ಅವನು ಏನಂದ್ರೂ ಸರಿ ಅಂದ್ರಿ."

"ಅವನು ಒಳಕ ಬಂದ! ಆಚಕ ಓಗಾಕ ಯಾರೂ ಅಪ್ಪಣೆ ಕೊಟ್ಟಿಲ್ಲ!"

ನನಗೆ ನಗು ಬಂತು. ನಗಲಿಲ್ಲ. ಸುಧಾಮಣಿಯ ಮುಖ ನೋಡಿದರೆ ಯಾರಿಗೂ ನಗು ಬರುವ ಹಾಗಿರಲಿಲ್ಲ.

"ಮಾವ, ಮೂರು ದಿನದಿಂದ ನೋಡ್ತಿದ್ದೀನಿ. ಇದು ಬಸವಣ್ಣಂದಲ್ಲ, ನಿಮ್ದು" ಅಂದಳು. "ಕೆಲಸ ಬೇಡ ಅಂದ್ರೆ ನನ್ನ ಎದುರ್ಗೆ ನಿಂತು ಬೇಡ ಅನ್ನಿ."

ದೊಡ್ಡಮಲ್ಲಪ್ಪನಿಗೆ ಇಡೀ ಬೀದಿ ನೋಡುತ್ತಿರುವುದು ಗೊತ್ತಿತ್ತು. "ಬ್ಯಾಡ ಕಣವ್ವ! ಬ್ಯಾಡ ಅಂತಾನೇ ಏಳ್ತಾ ಇವ್ನಿ!" ಅಂತ ಕಿರುಚಿದ. "ಇವತ್ತು ಈ ಗೇಟ್ ದಾಟುದ್ರ ಮತ್ತ ಒಳಕ ಬರ್ಬ್ಯಾಡ!"

ಸುಧಾಮಣಿ ದಿಲೀಪನ ಕಡೆ ನೋಡಿದಳು. ದಿಲೀಪ್ ಸೊಂಟ ಹಿಡಿದುಕೊಂಡೇ ಎರಡು ಹೆಜ್ಜೆ ಮುಂದೆ ಬಂದು, ಅಪ್ಪನ ತೋಳು ಹಿಡಿದು, "ಸರ್ಕೊ ಅಪ್ಪ" ಅಂದ. ಅಂಥ ಮಾತು ಆ ಹುಡುಗ ಅಪ್ಪನ ಎದುರಿಗೆ ಯಾವತ್ತೂ ಆಡಿರಲಿಲ್ಲವೇನೋ, ದೊಡ್ಡಮಲ್ಲಪ್ಪನ ಕೈ ತಾನಾಗಿಯೇ ಕೆಳಗಿಳಿಯಿತು.

"ಹಂಗೇ ಆಗ್ಲಿ ಮಾವ" ಅಂದಳು ಸುಧಾಮಣಿ. ಹೆಲ್ಮೆಟ್ಟಿನ ಗಾಜು ಇಳಿಸಿದಳು. ಬಸವಣ್ಣನ ತಲೆಗೂ ಬಾಲಕ್ಕೂ ನಡುವೆ, ಬಸಪ್ಪ ಹಾಕಿದ್ದ ಸೆಗಣಿಯನ್ನು ಹುಷಾರಾಗಿ ತಪ್ಪಿಸಿಕೊಂಡು, ಬೀದಿಗೆ ಇಳಿದಳು. ಏಳಕ್ಕೆ ಇನ್ನೂ ಹೊತ್ತಿತ್ತು.

"ಎಲ್ಲೋಯ್ತಾಳ ಬುಡು, ಸಂಜಗ ಬತ್ತಾಳ" ಅಂದ ದೊಡ್ಡಮಲ್ಲಪ್ಪ.

ಸಂಜೆ ನಾನು ಚಿಲಕ ಸರಿಮಾಡಲು ಹೋದಾಗ ಮುಟ್ಟಲು ಬಿಡಲಿಲ್ಲ. "ತಗದೇ ಇರ್ಲಿ ಬುಡು, ಅವ್ಳು ಬಂದ್ರ ಮತ್ತ ತಗೀಬೇಕಾಯ್ತದ" ಅಂತ ಜಗುಲಿ ಮೇಲೆ ಕೂತಿದ್ದ. ಅವಳು ಲ್ಯಾಬಿನಿಂದ ನೇರವಾಗಿ ಚಾಮರಾಜನಗರಕ್ಕೆ, ತಾಯಿಯ ಮನೆಗೆ ಹೋಗಿದ್ದಳು. ದಿನಾ ಅಲ್ಲಿಂದಲೇ ಗುಂಡ್ಲುಪೇಟೆಗೆ ಬಂದು, ಎದುರಿನ ಲ್ಯಾಬಿನಲ್ಲಿ ಹೊತ್ತಿಗೆ ಸರಿಯಾಗಿ ಮಹಾಲಕ್ಷ್ಮಮ್ಮನಂಥವರ ತೋಳಿಗೆ ಪಟ್ಟಿ ಕಟ್ಟುವುದು ನನಗೆ ಕಾಣುತ್ತಿತ್ತು. ಭೀಮನಬೀಡಿನ ಕಡೆಗೆ ಸ್ಕೂಟರು ತಿರುಗಿಸಲಿಲ್ಲ.

ಭಾನುವಾರ ದಿಲೀಪನ ಸೊಂಟ ಸರಿಹೋಯಿತು. "ಒಂದೇ ಮಾತ್ನಲ್ಲಿ ಕರ್ಕಂಡ್ ಬತ್ತೀನಿ ಕಣಪ್ಪ" ಅಂತ ಹೇಳಿ, ಬಟ್ಟೆಯ ಚೀಲ ಯಾಕೆ ಅಂತ ಕೇಳಿದ್ದಕ್ಕೆ ಉತ್ತರ ಹೇಳದೆ, ಗೇಟು ದಾಟಿ ಹೋದ. ಅವನೂ ಬರಲಿಲ್ಲ.